ಎರಡು ಯುದ್ಧಗಳ ನಡುವಿನ ಕಾಲ: ಹೆಸರಿಡುವ ಮುನ್ನ ಓದಬೇಕಾದ ಕಾಗದಗಳು

2025ರ ಮೇ 10ರ ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಡಿಜಿಎಂಒ, ಅಂದರೆ ಸೇನಾ ಕಾರ್ಯಾಚರಣೆಗಳ ಮಹಾ ನಿರ್ದೇಶಕರು, ಭಾರತದ ಡಿಜಿಎಂಒಗೆ ಕರೆ ಮಾಡಿದರು. ಅಂದೇ ಸಂಜೆ 5ರಿಂದ ನೆಲ, ಆಕಾಶ, ಸಮುದ್ರ ಮೂರೂ ಕಡೆ ಗುಂಡಿನ ದಾಳಿಯನ್ನೂ ಸೇನಾ ಕಾರ್ಯಾಚರಣೆಯನ್ನೂ ನಿಲ್ಲಿಸುವುದೆಂದು ಮಾತಾಯಿತು. ಮರುದಿನದ ಪತ್ರಿಕೆಗಳ ತಲೆಬರಹದಲ್ಲಿ ಅದು ‘ಕದನ ವಿರಾಮ’. ದೆಹಲಿಯ ಅಧಿಕೃತ ಭಾಷೆಯಲ್ಲಿ ಬರೀ ‘ತಿಳಿವಳಿಕೆ’. ಮೇ 12ರ ರಾತ್ರಿ ಪ್ರಧಾನಿ ಮಾತನಾಡಿ ‘ಆಪರೇಷನ್ ಸಿಂಧೂರ’ ಕಾರ್ಯಾಚರಣೆಯನ್ನು ಸದ್ಯಕ್ಕೆ ‘ಸ್ಥಗಿತ’ಗೊಳಿಸಿದ್ದೇವೆ ಅಷ್ಟೇ ಎಂದರು. ಮೇ 18ಕ್ಕೆ ಅವಧಿ ಮುಗಿಯುತ್ತದೆ ಎಂಬ ಸುದ್ದಿ ಹಬ್ಬಿದಾಗ, ಇದಕ್ಕೆ ಕೊನೆಯ ದಿನಾಂಕವೇ ಇಲ್ಲ ಎಂದು ಸೇನೆ ಸ್ಪಷ್ಟಪಡಿಸಿತು.

ಈ ಪದಗಳು ಒಂದಕ್ಕೊಂದು ಬದಲಿಯಲ್ಲ. ವಿರಾಮ ಎಂದರೆ ಇಬ್ಬರೂ ಒಪ್ಪಿ ನಿಂತದ್ದು. ಸ್ಥಗಿತ ಎಂದರೆ ಒಬ್ಬರು ನಿಲ್ಲಿಸಿದ್ದು, ಮತ್ತೆ ಶುರು ಮಾಡುವ ಹಕ್ಕೂ ಅವರ ಕೈಯಲ್ಲೇ ಉಳಿದದ್ದು. ಇವೆರಡಕ್ಕಿಂತ ಭಾರವಾದ ಇನ್ನೊಂದು ಮಾತೂ ಚರ್ಚೆಗಳಲ್ಲಿ ಬಳಕೆಯಾಗುತ್ತಿದೆ: ನಾವೀಗ ಎರಡು ಯುದ್ಧಗಳ ನಡುವಿನ ಕಾಲದಲ್ಲಿ ಇದ್ದೇವೆ ಎಂಬುದು. ಉಕ್ರೇನ್ ಬಗ್ಗೆ ಯುರೋಪಿನಲ್ಲೂ ಇದೇ ಮಾತಿದೆ. ಕೇಳಲು ಗಂಭೀರವಾಗಿದೆ. ಆದರೆ ಹಾಗೆ ಹೇಳಿದವರು ಇನ್ನೂ ನಡೆಯದ ಒಂದು ಯುದ್ಧವನ್ನು ಆಗಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ.

ಇತಿಹಾಸದಲ್ಲಿ ಈ ಮಾತಿಗೆ ಒಂದು ಖಚಿತ ಅರ್ಥವಿದೆ. ಇಂಗ್ಲಿಷಿನವರು ‘ಇಂಟರ್‌ವಾರ್’, ಡಚ್ಚರು ಲ್ಯಾಟಿನ್ ಮೂಲದ ‘ಇಂಟರ್‌ಬೆಲ್ಲಮ್’, ಜರ್ಮನರು ‘ಟ್ಸ್ವಿಶನ್‌ಕ್ರೀಗ್ಸ್‌ಟ್ಸೈಟ್’ ಎನ್ನುತ್ತಾರೆ. ಎಲ್ಲರೂ ಹೇಳುವುದು 1918ರ ನವೆಂಬರ್ 11ರಿಂದ 1939ರ ಸೆಪ್ಟೆಂಬರ್ 1ರವರೆಗಿನ, 21 ವರ್ಷಕ್ಕೆ ತುಸು ಕಡಿಮೆಯಾದ ಅವಧಿಯನ್ನು. ಆ ಕಾಲದಲ್ಲಿ ಬದುಕಿದ್ದವರು ಅದನ್ನು ಹಾಗೆ ಕರೆಯಲಿಲ್ಲ, ಕರೆಯುವಂತೆಯೂ ಇರಲಿಲ್ಲ. 1925ರ ಪ್ಯಾರಿಸ್ಸಿನವನಿಗೆ ಅದು ಯುದ್ಧದ ನಂತರದ ಕಾಲ. ಎರಡನೆಯದು ಬಂದ ಮೇಲೆಯೇ ಅದು ‘ನಡುವಿನ’ದಾಯಿತು. ಹಿಂದಿರುಗಿ ನೋಡಿದಾಗ ಮಾತ್ರ ಇಡಬಹುದಾದ ಹೆಸರನ್ನು ಇವತ್ತಿಗೇ ಅಂಟಿಸಿದರೆ ಅದು ವಿವರಣೆಯಾಗಿ ಉಳಿಯುವುದಿಲ್ಲ, ಭವಿಷ್ಯವಾಣಿಯಾಗುತ್ತದೆ.

ಆ 21 ವರ್ಷಗಳಿಗೂ ಈ ಹೆಸರು ಪೂರ್ತಿ ಹೊಂದುವುದಿಲ್ಲ. 1919ರ ಮೇನಿಂದ ಆಗಸ್ಟ್‌ವರೆಗೆ ಭಾರತದ ಸೈನಿಕರು ಮೂರನೇ ಆಂಗ್ಲೋ-ಆಫ್ಘನ್ ಯುದ್ಧದಲ್ಲಿದ್ದರು. ಆಮೇಲೆ ಆಫ್ಘನ್ ಗಡಿಯ ವಜೀರಿಸ್ತಾನದಲ್ಲಿ. ಪೋಲೆಂಡ್ ಮತ್ತು ಸೋವಿಯತ್ ರಷ್ಯಾ 1921ರವರೆಗೆ, ಗ್ರೀಸ್ ಮತ್ತು ಟರ್ಕಿ 1922ರವರೆಗೆ ಕಾದಾಡಿದವು. 1931ರಲ್ಲಿ ಜಪಾನ್ ಮಂಚೂರಿಯಾಕ್ಕೆ ನುಗ್ಗಿತು, 1935ರಲ್ಲಿ ಇಟಲಿ ಇಥಿಯೋಪಿಯಾಕ್ಕೆ. ಚೀನಿಯರ ಪಾಲಿಗೆ ಮಹಾಯುದ್ಧ ಶುರುವಾದದ್ದು 1937ರ ಜುಲೈ 7ಕ್ಕೆ. ಆ ‘ನಡುವಿನ ಕಾಲ’ ಪಶ್ಚಿಮ ಯುರೋಪಿನ ಮನೆಯಂಗಳದ ಲೆಕ್ಕ. ವಜೀರಿಸ್ತಾನದ ಗುಡ್ಡದಲ್ಲಿ ಸತ್ತವನಿಗೆ ಅದು ಅನ್ವಯಿಸುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕು. ಇಂಟರ್‌ವಾರ್ ಪದವನ್ನು ಅಕ್ಷರಕ್ಕೆ ಅಕ್ಷರ ತಂದು ‘ಅಂತರ್ಯುದ್ಧ ಕಾಲ’ ಎಂದರೆ ನಮ್ಮಲ್ಲಿ ಅದು ದೇಶದೊಳಗಿನ ಬಡಿದಾಟವಾಗುತ್ತದೆ. ‘ಎರಡು ಮಹಾಯುದ್ಧಗಳ ನಡುವಿನ ಅವಧಿ’ ಎಂಬುದು ಉದ್ದವಾದರೂ ಸರಿ.

ಹೆಸರು ಏನೇ ಇರಲಿ, ಒಂದು ಬಿಡುವು ಮುಂದೆ ಶಾಂತಿಯಾಗಿ ಗಟ್ಟಿಯಾಗುತ್ತದೆಯೋ ಮತ್ತೆ ಸಿಡಿಯುತ್ತದೆಯೋ ಎಂದು ಅಂದಾಜು ಮಾಡಲು ಭವಿಷ್ಯ ಗೊತ್ತಿರಬೇಕಿಲ್ಲ. ಹೋರಾಟವನ್ನು ನಿಲ್ಲಿಸಿದ ಕಾಗದವನ್ನು ಓದಬೇಕು. ಯಾರು ಸಹಿ ಮಾಡಿದರು, ಯಾರು ಮಾಡಲಿಲ್ಲ, ಗೆರೆ ಎಲ್ಲಿ ಎಳೆದರು, ತಪ್ಪಿದರೆ ನೋಡುವವರು ಯಾರು, ಯಾವ ಪ್ರಶ್ನೆಯನ್ನು ಮುಂದಕ್ಕೆ ತಳ್ಳಿದರು ಎಂಬುದರಲ್ಲೇ ಬಹುಪಾಲು ಉತ್ತರವಿರುತ್ತದೆ.

ನಿಂತದ್ದು ಯಾವ ಮಟ್ಟಕ್ಕೆ?

ಯುದ್ಧ ನಿಲ್ಲುವುದರಲ್ಲಿ ಮೂರು ಹಂತಗಳಿವೆ. ಮೊದಲನೆಯದು ಗುಂಡು ನಿಲ್ಲುವುದು. ಇದಕ್ಕೆ ಸೇನಾಧಿಕಾರಿಗಳ ನಡುವಿನ ಫೋನ್ ಕರೆಯೂ ಸಾಕು. ಎರಡನೆಯದು ಆರ್ಮಿಸ್ಟಿಸ್: ಇಡೀ ಯುದ್ಧರಂಗಕ್ಕೆ ಅನ್ವಯಿಸುವ, ಗೆರೆ, ದಿನಾಂಕ, ಕೈದಿಗಳು, ಶಸ್ತ್ರಗಳು ಎಲ್ಲವನ್ನೂ ಬರೆದು ಸೇನೆಗಳ ದಂಡನಾಯಕರು ಸಹಿ ಮಾಡುವ ದಾಖಲೆ. ಮೂರನೆಯದು ಶಾಂತಿ ಒಪ್ಪಂದ. ಅದಕ್ಕೆ ಸರ್ಕಾರಗಳ ಸಹಿ ಬೇಕು, ಸಂಸತ್ತಿನ ಅಥವಾ ರಾಜನ ಅನುಮೋದನೆ ಬೇಕು, ಯುದ್ಧಕ್ಕೆ ಕಾರಣವಾದ ವ್ಯಾಜ್ಯ ಅಲ್ಲಿ ತೀರಬೇಕು. ನಮ್ಮ ಪತ್ರಿಕೆಗಳು ಮೊದಲೆರಡಕ್ಕೂ ‘ಕದನ ವಿರಾಮ’ ಎಂದೇ ಬರೆಯುವುದರಿಂದ ಓದುಗರಿಗೆ ವ್ಯತ್ಯಾಸ ಕಾಣುವುದಿಲ್ಲ.

ಯುದ್ಧ ನಡೆಸುವ ರೀತಿಯನ್ನು ಕುರಿತ ಅಂತರರಾಷ್ಟ್ರೀಯ ಕಟ್ಟಳೆಗಳಾದ 1907ರ ಹೇಗ್ ನಿಯಮಗಳ 36ರಿಂದ 41ರವರೆಗಿನ ವಿಧಿಗಳು ಆರ್ಮಿಸ್ಟಿಸ್ ಕುರಿತಾದವು. 36ನೇ ವಿಧಿಯ ಪ್ರಕಾರ ಅವಧಿ ಗೊತ್ತುಮಾಡದಿದ್ದರೆ ಯಾವ ಪಕ್ಷವಾದರೂ ಯಾವಾಗ ಬೇಕಾದರೂ ಹೋರಾಟ ಮುಂದುವರಿಸಬಹುದು; ಒಪ್ಪಿದ ಸಮಯದೊಳಗೆ ಶತ್ರುವಿಗೆ ತಿಳಿಸಬೇಕು ಅಷ್ಟೇ. ಕೊನೆಯ ದಿನಾಂಕವಿಲ್ಲ ಎನ್ನುವುದು ಜನರಿಗೆ ಭರವಸೆಯಂತೆ ಕೇಳುತ್ತದೆ. ಹಳೆಯ ಕಾನೂನಿನ ಪ್ರಕಾರ ಅದು ಬಾಗಿಲು ತೆರೆದೇ ಇದೆ ಎಂಬುದರ ಸೂಚನೆ. 40ನೇ ವಿಧಿ, ಒಬ್ಬರು ಗಂಭೀರವಾಗಿ ಮುರಿದರೆ ಇನ್ನೊಬ್ಬರು ಒಪ್ಪಂದವನ್ನು ತೊರೆಯಬಹುದು, ತುರ್ತಾದರೆ ತಕ್ಷಣವೇ ಹೋರಾಟಕ್ಕಿಳಿಯಬಹುದು ಎನ್ನುತ್ತದೆ. 41ನೇ ವಿಧಿ ಕುತೂಹಲದ್ದು: ಖಾಸಗಿ ವ್ಯಕ್ತಿಗಳು ತಮ್ಮಷ್ಟಕ್ಕೆ ತಾವು ನಿಯಮ ಮುರಿದರೆ ಅವರಿಗೆ ಶಿಕ್ಷೆ ಕೊಡಿಸಿ, ಅಗತ್ಯವಿದ್ದರೆ ಪರಿಹಾರ ಕೊಡಿ ಎಂದು ಕೇಳುವ ಹಕ್ಕು ಮಾತ್ರ ಇರುತ್ತದೆ. ಉಪಖಂಡದ ಇಡೀ ಜಗಳ ಈ ಒಂದು ವಿಧಿಯ ಮೇಲೆ ನಿಂತಿದೆ. ಅದರ ಮಾತು ಮುಂದೆ.

1945ರ ವಿಶ್ವಸಂಸ್ಥೆಯ ಸನ್ನದು ಬಂದ ಮೇಲೆ ನೋಟಿಸ್ ಕೊಟ್ಟು ಯುದ್ಧ ಮುಂದುವರಿಸುವ ಹಕ್ಕು ಹೆಚ್ಚುಕಡಿಮೆ ಹೋಯಿತು ಎಂಬುದು ಬಹುತೇಕ ಕಾನೂನು ತಜ್ಞರ ನಿಲುವು. 1951ರ ಸೆಪ್ಟೆಂಬರ್ 1ರ ನಿರ್ಣಯದಲ್ಲಿ ಭದ್ರತಾ ಮಂಡಳಿಯೂ ಆ ದಾರಿ ಹಿಡಿಯಿತು. ಈಜಿಪ್ಟ್ ತಾನಿನ್ನೂ ಯುದ್ಧಸ್ಥಿತಿಯಲ್ಲಿದ್ದೇನೆ ಎಂದು ಇಸ್ರೇಲಿನ ಸರಕನ್ನು ಸೂಯೆಜ್ ಕಾಲುವೆಯಲ್ಲಿ ತಡೆಯುತ್ತಿತ್ತು. ಸುಮಾರು ಎರಡೂವರೆ ವರ್ಷದಿಂದ ನಡೆದುಬಂದ ಆರ್ಮಿಸ್ಟಿಸ್‌ಗೆ ಶಾಶ್ವತ ಸ್ವರೂಪವಿದೆ, ಹೀಗಾಗಿ ಆ ವಾದ ನಿಲ್ಲದು ಎಂದಿತು ಮಂಡಳಿ. ಐದು ವರ್ಷಕ್ಕೆ ಅದೇ ಕಾಲುವೆಯ ದಂಡೆಯಲ್ಲಿ ಯುದ್ಧವಾಯಿತು ಎಂಬುದೂ ನಿಜ.

ಮೈಸೂರಿನ ಮೂರು ಬಿಡುವುಗಳು

ಯುದ್ಧದ ಕಾಗದ ಮುಂದಿನ ಯುದ್ಧವನ್ನು ಹೇಗೆ ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ ಎಂದು ನೋಡಲು ಮೊದಲ ಮಹಾಯುದ್ಧದ ನಂತರದ ವರ್ಸೈಲ್ಸ್ ಒಪ್ಪಂದದವರೆಗೆ ಹೋಗಬೇಕಿಲ್ಲ. ಮೈಸೂರು ಮತ್ತು ಈಸ್ಟ್ ಇಂಡಿಯಾ ಕಂಪನಿಯ ನಡುವೆ 1767ರಿಂದ 1799ರವರೆಗೆ ನಾಲ್ಕು ಯುದ್ಧಗಳಾದವು, ನಡುವೆ ಮೂರು ಬಿಡುವು. ಪರೀಕ್ಷೆಗೆ ಇಸವಿಗಳನ್ನು ಉರುಹೊಡೆದವರೂ ಒಪ್ಪಂದಗಳ ಷರತ್ತುಗಳನ್ನು ಓದಿರುವುದು ಕಡಿಮೆ.

ಮೊದಲನೆಯದು 1769ರ ಏಪ್ರಿಲ್‌ನ ಮದರಾಸು ಒಪ್ಪಂದ. ಹೈದರಾಲಿ ಕುದುರೆ ಸೈನ್ಯದೊಂದಿಗೆ ಮದರಾಸಿನ ಬಾಗಿಲಿಗೇ ಬಂದು ನಿಂತಿದ್ದರಿಂದ ಕಂಪನಿ ಅವಸರದಲ್ಲಿ ಒಪ್ಪಿತು. ಗೆದ್ದ ನೆಲವನ್ನು ಪರಸ್ಪರ ಹಿಂದಿರುಗಿಸುವುದು, ಕೈದಿಗಳನ್ನು ಬಿಡುವುದು ಇತ್ಯಾದಿ ಸಾಮಾನ್ಯ ಸಂಗತಿಗಳ ಜೊತೆ ಒಂದು ಷರತ್ತಿತ್ತು: ಒಬ್ಬರ ಮೇಲೆ ಬೇರೆಯವರು ದಾಳಿ ಮಾಡಿದರೆ ಇನ್ನೊಬ್ಬರು ನೆರವಿಗೆ ಬರಬೇಕು. ಮರುವರ್ಷವೇ ಪೇಶ್ವೆ ಮಾಧವರಾಯರ ಸೈನ್ಯ ಮೈಸೂರಿನ ಮೇಲೆ ಬಿತ್ತು. 1771ರಲ್ಲಿ ಮೇಲುಕೋಟೆಯ ಬಳಿಯ ಚಿನಕುರಳಿಯಲ್ಲಿ ಹೈದರಾಲಿಗೆ ಭಾರೀ ಸೋಲಾಯಿತು. ಕಂಪನಿಯ ಕಡೆಯಿಂದ ಒಬ್ಬ ಸಿಪಾಯಿಯೂ ಬರಲಿಲ್ಲ. ಒಪ್ಪಂದದಲ್ಲಿ ಬರೆದ ನೆರವು ಸಿಗದೇ ಹೋದರೆ ಅದು ಬರೆಯದೇ ಇದ್ದುದಕ್ಕಿಂತ ಕೆಟ್ಟದ್ದು. ಬರೆಯದಿದ್ದರೆ ಮೋಸವಾಯಿತು ಅನ್ನಿಸುವುದಿಲ್ಲ. 1779ರಲ್ಲಿ ಕಂಪನಿ, ಹೈದರಾಲಿಯ ರಕ್ಷಣೆಯಲ್ಲಿದ್ದ ಫ್ರೆಂಚ್ ಬಂದರು ಮಾಹೆಯನ್ನು ಹಿಡಿದದ್ದು ಕಿಡಿ. ಒಣಹುಲ್ಲು ಎಂಟು ವರ್ಷದಿಂದ ಬಿದ್ದಿತ್ತು. 1780ರ ಜುಲೈನಲ್ಲಿ ಹೈದರಾಲಿ ಎರಡನೇ ಯುದ್ಧಕ್ಕೆ ಘಟ್ಟ ಇಳಿದ.

ಎರಡನೆಯದು 1784ರ ಮಾರ್ಚ್ 11ರ ಮಂಗಳೂರು ಒಪ್ಪಂದ. ಹೈದರಾಲಿ ತೀರಿಕೊಂಡಾಗಿತ್ತು, ಟಿಪ್ಪು ಸುಲ್ತಾನ್ ಸಹಿ ಮಾಡಿದ. ಯಾರೂ ಗೆಲ್ಲದ ಯುದ್ಧ, ಎಲ್ಲವೂ ಮೊದಲಿದ್ದಂತೆ ಎಂಬ ಒಪ್ಪಂದ. ಇಂಥ ಒಪ್ಪಂದದಲ್ಲಿ ಗೆರೆಯ ತಕರಾರು ಕಡಿಮೆ, ಮಿತ್ರರ ಪಟ್ಟಿಯ ತಕರಾರು ಜಾಸ್ತಿ. ತಿರುವಾಂಕೂರಿನ ರಾಜನನ್ನು ಕಂಪನಿಯ ಮಿತ್ರನೆಂದು ಅದರಲ್ಲಿ ಹೆಸರಿಸಲಾಗಿತ್ತು. 1789ರಲ್ಲಿ ತಿರುವಾಂಕೂರು ಡಚ್ಚರಿಂದ ಕೊಡುಂಗಲ್ಲೂರು ಮತ್ತು ಆಯ್ಕೋಟ್ಟ ಕೋಟೆಗಳನ್ನು ಕೊಂಡಿತು. ಅವು ತನಗೆ ಕಪ್ಪ ಕೊಡುವ ಕೊಚ್ಚಿಯ ರಾಜನಿಗೆ ಸೇರಿದ್ದು, ಮಾರಲು ಡಚ್ಚರಿಗೆ ಹಕ್ಕಿಲ್ಲ ಎಂದ ಟಿಪ್ಪು. ಮಿತ್ರನನ್ನು ರಕ್ಷಿಸುತ್ತೇವೆ ಎಂದು ಬರೆದವರು, ಆ ಮಿತ್ರ ನಾಳೆ ಕೊಂಡುಕೊಳ್ಳುವ ನೆಲವೂ ರಕ್ಷಣೆಗೆ ಒಳಪಡುತ್ತದೆಯೇ ಎಂದು ಬರೆದಿರಲಿಲ್ಲ. 1789ರ ಡಿಸೆಂಬರ್ 29ರಂದು ಟಿಪ್ಪುವಿನ ಸೈನ್ಯ ತಿರುವಾಂಕೂರಿನ ರಕ್ಷಣಾ ಗೋಡೆಯ ಮೇಲೆ ಏರಿಹೋಯಿತು. ಮೂರನೇ ಯುದ್ಧಕ್ಕೆ ಅಷ್ಟು ಸಾಕಾಯಿತು.

ಮೂರನೆಯದು 1792ರ ಮಾರ್ಚ್ 18ರ ಶ್ರೀರಂಗಪಟ್ಟಣ ಒಪ್ಪಂದ. ಇದರ ಲೆಕ್ಕವನ್ನು ಬಿಡಿಸಿ ನೋಡಬೇಕು. ರಾಜ್ಯದ ಅರ್ಧ ಭಾಗ ಕಂಪನಿ, ನಿಜಾಮ ಮತ್ತು ಮರಾಠರಿಗೆ. ಕಂಪನಿಗೆ ಮಲಬಾರು, ಬಾರಾಮಹಲ್, ದಿಂಡಿಗಲ್ ಸಿಕ್ಕವು, ಕೊಡಗು ಅದರ ಆಶ್ರಯಕ್ಕೆ ಹೋಯಿತು. ಪರಿಹಾರ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ. ಅರ್ಧ ತಕ್ಷಣ, ಉಳಿದರ್ಧ ಕಂತುಗಳಲ್ಲಿ. ಹಣ ತೀರುವವರೆಗೆ ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆ. ಅಂದರೆ ಅರ್ಧ ರಾಜ್ಯದ ಕಂದಾಯ ಹೋದ ಮೇಲೆ ಉಳಿದರ್ಧದಿಂದ ಇಡೀ ದಂಡವನ್ನು ವಸೂಲು ಮಾಡಬೇಕು. ಆತ ತೀರಿಸಿದ, ಮಕ್ಕಳು 1794ರಲ್ಲಿ ಮರಳಿದರು.

ಒತ್ತೆಯಾಳುಗಳು ಮರಳಿದ ದಿನವೇ ಈ ಒಪ್ಪಂದವನ್ನು ಹಿಡಿದಿದ್ದ ಏಕೈಕ ಮೊಳೆ ಕಳಚಿತು. ಸೇನೆಯ ಗಾತ್ರಕ್ಕೆ ಮಿತಿ ಇರಲಿಲ್ಲ, ಕೋಟೆಗಳ ದುರಸ್ತಿಗೆ ತಡೆ ಇರಲಿಲ್ಲ, ಬೇರೆ ಶಕ್ತಿಗಳೊಂದಿಗಿನ ಪತ್ರ ವ್ಯವಹಾರಕ್ಕೆ ಅಡ್ಡಿ ಇರಲಿಲ್ಲ. ಸೋತವನ ಆದಾಯವನ್ನು ಅರ್ಧಕ್ಕಿಳಿಸಿ, ಅವನ ಉದ್ದೇಶವನ್ನು ಹಾಗೇ ಬಿಟ್ಟದ್ದು ಇದರ ದೋಷ. ಅತ್ತ ಗೆದ್ದವರಿಗೂ ತೃಪ್ತಿ ಇರಲಿಲ್ಲ. 1798ರ ಜನವರಿಯಲ್ಲಿ ಮಾರಿಷಸ್‌ನ ಫ್ರೆಂಚ್ ಗವರ್ನರ್ ಮಲಾರ್ತಿಕ್, ಟಿಪ್ಪುವಿನ ನೆರವಿಗೆ ಸ್ವಯಂಸೇವಕರು ಬೇಕೆಂದು ಬಹಿರಂಗ ಪ್ರಕಟಣೆ ಹೊರಡಿಸಿದ. ಮಂಗಳೂರಿಗೆ ಬಂದಿಳಿದವರು ನೂರಕ್ಕೂ ಕಡಿಮೆ. ಸೈನಿಕ ದೃಷ್ಟಿಯಿಂದ ಅದು ಏನೂ ಅಲ್ಲ, ನೆಪವಾಗಿ ಮಾತ್ರ ಧಾರಾಳ. ಹೊಸ ಗವರ್ನರ್ ಜನರಲ್ ವೆಲ್ಲೆಸ್ಲಿ ಅದನ್ನೇ ಹಿಡಿದು, ಮೊದಲು ಹೈದರಾಬಾದಿನ ಫ್ರೆಂಚ್ ತುಕಡಿಯನ್ನು ಬರಖಾಸ್ತು ಮಾಡಿಸಿ, ನಿಜಾಮನನ್ನು ಬಗಲಿಗೆ ಕಟ್ಟಿಕೊಂಡು ಹೊರಟ. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು.

ಹನ್ನೊಂದು ವರ್ಷ, ಆರಕ್ಕೂ ಕಡಿಮೆ, ಏಳಕ್ಕೆ ಹತ್ತಿರ. ಬಿಡುವಿನ ಉದ್ದ ಏನನ್ನೂ ಹೇಳುವುದಿಲ್ಲ. ಮೂರೂ ಬಾರಿ ಯುದ್ಧ ಮರಳಿದ್ದು ಕಾಗದದಲ್ಲಿ ತೆರೆದು ಬಿಟ್ಟಿದ್ದ ಸಂದಿನಿಂದಲೇ: ಮೊದಲು ಪಾಲಿಸದ ನೆರವಿನ ಮಾತು, ಆಮೇಲೆ ಮಿತ್ರನ ವ್ಯಾಪ್ತಿ, ಕೊನೆಗೆ ಹಣದೊಂದಿಗೆ ಮುಗಿದುಹೋದ ಖಾತರಿ.

ಗಡಿಯಾರ, ಗಾಡಿ, ತಪಾಸಣೆ

ಮೊದಲ ಮಹಾಯುದ್ಧವನ್ನು ನಿಲ್ಲಿಸಿದ 1918ರ ನವೆಂಬರ್ 11ರ ಕಾಗದ ಇದಕ್ಕಿಂತ ಬಹಳ ಬಿಗಿ. ಕಾಂಪಿಯೇನ್ ಕಾಡಿನಲ್ಲಿ ನಿಂತ ರೈಲು ಬೋಗಿಯಲ್ಲಿ ಬೆಳಗಿನ ಜಾವ 5ರ ಹೊತ್ತಿಗೆ ಸಹಿ, 11 ಗಂಟೆಗೆ ಜಾರಿ. ಅವಧಿ 36 ದಿನ, ಬೇಕಾದರೆ ವಿಸ್ತರಣೆ; ಮೂರು ಬಾರಿ ವಿಸ್ತರಿಸಿದರು. ಜರ್ಮನಿ ತಾನು ಆಕ್ರಮಿಸಿದ ನೆಲವನ್ನು 15 ದಿನದಲ್ಲಿ ತೆರವು ಮಾಡಬೇಕು. 5,000 ಫಿರಂಗಿ, 25,000 ಮೆಷಿನ್‌ಗನ್, 1,700 ವಿಮಾನ, 5,000 ರೈಲು ಎಂಜಿನ್, 1,50,000 ವ್ಯಾಗನ್ ಒಪ್ಪಿಸಬೇಕು. ರೈಲು ಎಂಜಿನ್ ಯಾಕೆಂದರೆ ಆ ಕಾಲದ ಸೇನೆ ಓಡಾಡುತ್ತಿದ್ದುದೇ ರೈಲಿನಲ್ಲಿ. ಎಂಜಿನ್ ಹೋದರೆ, ಮನಸ್ಸು ಬದಲಿಸಿದರೂ ಸೈನ್ಯವನ್ನು ಗಡಿಗೆ ತರಲಾಗದು. ಒಳ್ಳೆಯ ಆರ್ಮಿಸ್ಟಿಸ್ ನಂಬಿಕೆಯನ್ನು ಆಧರಿಸುವುದಿಲ್ಲ. ಮಾತು ಮುರಿಯುವುದನ್ನು ದುಬಾರಿ ಮಾಡುತ್ತದೆ.

ಕೆಟ್ಟದ್ದು ಅದರ ನಂತರದ ಹಂತ. 1919ರ ಜೂನ್ 28ರ ವರ್ಸೈಲ್ಸ್ ಒಪ್ಪಂದ ಜರ್ಮನ್ ಸೇನೆಯನ್ನು ಒಂದು ಲಕ್ಷಕ್ಕೆ ಇಳಿಸಿತು. ಸೈನಿಕ 12 ವರ್ಷ ಸೇವೆಯಲ್ಲಿರಲೇಬೇಕು. ಪ್ರತಿವರ್ಷ ಹೊಸಬರನ್ನು ತರಬೇತುಗೊಳಿಸಿ ಮೀಸಲು ಪಡೆ ಬೆಳೆಸದಂತೆ ಈ ಉಪಾಯ. ಜರ್ಮನರು ಇದನ್ನೇ ತಿರುಗಿಸಿಕೊಂಡು ಆ ಒಂದು ಲಕ್ಷದಲ್ಲಿ ಪ್ರತಿಯೊಬ್ಬನನ್ನೂ ಮೇಲಿನ ದರ್ಜೆಯ ಹೊಣೆಗೆ ಸಿದ್ಧಪಡಿಸಿದರು. ಟ್ಯಾಂಕ್, ಯುದ್ಧವಿಮಾನ ನಿಷಿದ್ಧವಾಗಿದ್ದವು. 1920ರ ದಶಕದಲ್ಲಿ ಸೋವಿಯತ್ ನೆಲದ ಲಿಪೆಟ್ಸ್ಕ್‌ನಲ್ಲಿ ಗುಟ್ಟಾಗಿ ವಿಮಾನ ತರಬೇತಿ, ಕಜಾನ್ ಬಳಿ ಟ್ಯಾಂಕ್ ತರಬೇತಿ ನಡೆಸಿದರು. ಮಿತ್ರಪಕ್ಷಗಳ ತಪಾಸಣಾ ಆಯೋಗ 1927ರ ಜನವರಿಯಲ್ಲಿ ಗಂಟುಮೂಟೆ ಕಟ್ಟಿತು. ಮಿತಿ ಕಾಗದದಲ್ಲಿ ಉಳಿಯಿತು, ನೋಡುವ ಕಣ್ಣು ಹೋಯಿತು.

ಇದು ಶಾಂತಿಯಲ್ಲ, ಇಪ್ಪತ್ತು ವರ್ಷದ ಆರ್ಮಿಸ್ಟಿಸ್ ಎಂದು ಮಿತ್ರಪಕ್ಷಗಳ ಸೇನೆಗಳ ದಂಡನಾಯಕ, ಫ್ರಾನ್ಸಿನ ಮಾರ್ಷಲ್ ಫೋಶ್ ಅಂದರಂತೆ ಎಂಬ ಮಾತನ್ನು ವರ್ಸೈಲ್ಸ್ ಅತಿ ಕಠೋರವಾಗಿತ್ತು ಎಂಬುದಕ್ಕೆ ಸಾಕ್ಷಿಯಾಗಿ ಉದ್ಧರಿಸುವುದುಂಟು. ಫೋಶ್ ತಕರಾರು ಉಲ್ಟಾ. ರೈನ್ ನದಿಯೇ ಜರ್ಮನಿಯ ಪಶ್ಚಿಮದ ಸೇನಾ ಗಡಿಯಾಗಬೇಕೆಂದು ಹಠ ಹಿಡಿದಿದ್ದ ಅವರಿಗೆ ಒಪ್ಪಂದ ಮೆತ್ತಗಾಯಿತು. 2025ರ ನವೆಂಬರ್‌ನಲ್ಲಿ ಹೊರಬಿದ್ದ ಅಮೆರಿಕದ 28 ಅಂಶಗಳ ಶಾಂತಿ ಕರಡಿನಲ್ಲಿ ಉಕ್ರೇನ್ ಸೇನೆಗೆ ಆರು ಲಕ್ಷದ ಮಿತಿ ಕಂಡಾಗ ಬಹಳಷ್ಟು ಜನ ವರ್ಸೈಲ್ಸ್ ನೆನಪಿಸಿಕೊಂಡರು. ಹೋಲಿಕೆ ಅರ್ಧ ಮಾತ್ರ ಸರಿ: ವರ್ಸೈಲ್ಸ್ ಮಿತಿ ಹಾಕಿದ್ದು ಆಕ್ರಮಣ ಮಾಡಿ ಸೋತವರಿಗೆ, ಈ ಕರಡು ಹಾಕಿದ್ದು ಆಕ್ರಮಣಕ್ಕೆ ಒಳಗಾದವರಿಗೆ.

ಉಕ್ರೇನಿಗೆ ಹತ್ತಿರದ ಪಾಠ ಮಿನ್ಸ್ಕ್. ಪೂರ್ವ ಉಕ್ರೇನಿನ ಹೋರಾಟವನ್ನು ನಿಲ್ಲಿಸಲು ಮಾಡಿಕೊಂಡ 2015ರ ಫೆಬ್ರುವರಿ 12ರ ಎರಡನೇ ಮಿನ್ಸ್ಕ್ ಒಪ್ಪಂದ ತಾಂತ್ರಿಕವಾಗಿ ಅಚ್ಚುಕಟ್ಟು. 100 ಮಿಲಿಮೀಟರ್ ಮತ್ತು ಅದಕ್ಕಿಂತ ದೊಡ್ಡ ಫಿರಂಗಿಗಳ ನಡುವೆ 50 ಕಿ.ಮೀ., ಸಾಮಾನ್ಯ ರಾಕೆಟ್ ವ್ಯವಸ್ಥೆಗಳಿಗೆ 70, ದೂರಗಾಮಿ ರಾಕೆಟ್ ಮತ್ತು ಕ್ಷಿಪಣಿಗಳಿಗೆ 140 ಕಿ.ಮೀ. ಅಂತರವಿರಬೇಕು ಎಂದು ಬರೆದಿತ್ತು. ಆದರೆ 9ನೇ ಅಂಶದ ಪ್ರಕಾರ ರಷ್ಯಾದ ಗಡಿ ಉಕ್ರೇನಿನ ಕೈಗೆ ಮರಳುವುದು ಸ್ಥಳೀಯ ಚುನಾವಣೆ ಮತ್ತು ಸಂವಿಧಾನ ತಿದ್ದುಪಡಿಯ ನಂತರ. ಗಡಿ ತೆರೆದಿರುವಾಗ, ಶಸ್ತ್ರಗಳು ಹರಿದು ಬರುತ್ತಿರುವಾಗ ಮುಕ್ತ ಚುನಾವಣೆ ಹೇಗೆ ಎಂದಿತು ಕೀವ್. ಚುನಾವಣೆಯಿಲ್ಲದೆ ಗಡಿ ಇಲ್ಲ ಎಂದಿತು ಮಾಸ್ಕೊ. ಇನ್ನೂ ದೊಡ್ಡ ದೋಷ: ತಾನು ಮಧ್ಯಸ್ಥಗಾರ, ಕಕ್ಷಿದಾರನಲ್ಲ ಎಂದು ರಷ್ಯಾ ವಾದಿಸಿತು. ಗುಂಡು ಹಾರಿಸುವವನೇ ತಾನು ಕಕ್ಷಿದಾರನಲ್ಲ ಎಂದರೆ ಉಲ್ಲಂಘನೆಯನ್ನು ಯಾರ ಹೆಸರಿಗೆ ಬರೆಯುವುದು? ವಿರಾಮ ಜಾರಿಯಾದ ಫೆಬ್ರುವರಿ 15ರಿಂದ ಮೂರೇ ದಿನಕ್ಕೆ ದೆಬಾಲ್ತ್ಸೆವೆ ಪಟ್ಟಣ ಉಕ್ರೇನಿನ ಕೈಬಿಟ್ಟಿತು. ಏಳು ವರ್ಷಕ್ಕೆ ಪೂರ್ಣಪ್ರಮಾಣದ ಯುದ್ಧ ಬಂತು.

ಕೊರಿಯಾ ಮತ್ತು ತಿಮ್ಮಯ್ಯ

ಬಹುತೇಕ ಲಕ್ಷಣಗಳು ಕೆಟ್ಟದಾಗಿದ್ದೂ ಇನ್ನೂ ಸಿಡಿಯದ ಉದಾಹರಣೆ ಕೊರಿಯಾ. 1953ರ ಜುಲೈ 27ರ ಬೆಳಿಗ್ಗೆ 10ಕ್ಕೆ ಪನ್ಮುಂಜೊಮ್‌ನಲ್ಲಿ ಸಹಿ, 12 ಗಂಟೆಗಳ ಬಳಿಕ, ರಾತ್ರಿ 10ಕ್ಕೆ ಜಾರಿ. ದಕ್ಷಿಣ ಕೊರಿಯಾ ಸಹಿ ಮಾಡಲೇ ಇಲ್ಲ. ಮೂರು ತಿಂಗಳೊಳಗೆ ರಾಜಕೀಯ ಸಮಾವೇಶ ಕರೆಯಬೇಕೆಂದು 60ನೇ ಪರಿಚ್ಛೇದ ಹೇಳಿತ್ತು. 1954ರ ಜಿನೀವಾ ಮಾತುಕತೆ ಮುರಿದುಬಿತ್ತು. ಹೊಸ ಶಸ್ತ್ರ ತರಬಾರದು, ಹಾಳಾದದ್ದಕ್ಕೆ ಒಂದಕ್ಕೊಂದು ಬದಲಿ ಮಾತ್ರ ಎಂಬ 13(ಡಿ) ಉಪಪರಿಚ್ಛೇದವನ್ನು 1957ರಲ್ಲಿ ದಕ್ಷಿಣದ ಪರ ಹೋರಾಡಿದ್ದ, ಅಮೆರಿಕ ನೇತೃತ್ವದ ವಿಶ್ವಸಂಸ್ಥೆಯ ಕಮಾಂಡ್ ಕೈಬಿಟ್ಟಿತು. ಶಾಂತಿ ಒಪ್ಪಂದ ಇವತ್ತಿಗೂ ಇಲ್ಲ.

ಆದರೂ ನಿಂತದ್ದು ಯಾಕೆ? ಗೆರೆ ಸ್ಪಷ್ಟ. ಸುಮಾರು 240 ಕಿ.ಮೀ. ಉದ್ದಕ್ಕೆ ಗಡಿ ಫಲಕ ನೆಟ್ಟರು, ಎರಡೂ ಕಡೆ ತಲಾ 2 ಕಿ.ಮೀ. ಹಿಂದೆ ಸರಿದರು. ಒಳಗೆ ಆಡಳಿತ, ಪರಿಹಾರ ಕೆಲಸಕ್ಕೆ ಹೋಗುವವರ ಸಂಖ್ಯೆಗೂ ಒಂದೊಂದು ಕಡೆಗೆ ಒಂದು ಸಾವಿರದ ಮಿತಿ. ಜೊತೆಗೆ ಅಮೆರಿಕದ ಪಡೆ ಅಲ್ಲೇ ಉಳಿಯಿತು. ಮುರಿದರೆ ಯಾರ ವಿರುದ್ಧ ಯುದ್ಧ ಎಂಬುದರಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ.

ಇನ್ನೊಂದು ಕಾರಣ ನಮಗೆ ಹತ್ತಿರದ್ದು. ಆರ್ಮಿಸ್ಟಿಸ್ ಮಾತುಕತೆ ದೀರ್ಘಕಾಲ ಕಗ್ಗಂಟಾಗಿದ್ದುದು ಊರಿಗೆ ಮರಳಲು ಒಪ್ಪದ ಯುದ್ಧಕೈದಿಗಳ ಪ್ರಶ್ನೆಗೆ. ಉತ್ತರದ ಪಕ್ಷದ ಕೈದಿಗಳಲ್ಲಿ ಅಂಥವರು 22 ಸಾವಿರಕ್ಕೂ ಹೆಚ್ಚು. ಅದನ್ನು ಬಿಡಿಸಲು ಐದು ತಟಸ್ಥ ರಾಷ್ಟ್ರಗಳ ಆಯೋಗ ರಚಿಸಿ ಭಾರತವನ್ನು ಅಧ್ಯಕ್ಷ ಸ್ಥಾನಕ್ಕೆ ಕೂರಿಸಿದರು. ಹೋದವರು ಕೊಡಗಿನ ಸೇನಾಧಿಕಾರಿ ಕೆ.ಎಸ್. ತಿಮ್ಮಯ್ಯ. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯ ಸೈನಿಕರು ತಮ್ಮ ನೆಲ ತುಳಿಯಲು ಬಿಡುವುದಿಲ್ಲ ಎಂದಿದ್ದರಿಂದ ಅವರನ್ನು ಬಂದರಿನಿಂದ ಹೆಲಿಕಾಪ್ಟರ್‌ಗಳಲ್ಲಿ ನೇರ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. ಪ್ರತಿ ಕೈದಿಗೂ ಅವನ ದೇಶದ ಪ್ರತಿನಿಧಿ ಮರಳಿ ಬಾ ಎಂದು ಮನವರಿಕೆ ಮಾಡಲು 90 ದಿನಗಳ ಅವಕಾಶ, ಭಾರತೀಯರ ಕಾವಲು. ಒಬ್ಬರನ್ನೂ ಒತ್ತಾಯದಿಂದ ಕಳಿಸುವಂತಿಲ್ಲ, ಒಬ್ಬರನ್ನೂ ತಡೆಯುವಂತಿಲ್ಲ. ಎರಡೂ ಕಡೆಯವರು ಬೈದರು. ಯುದ್ಧ ಮರಳಿ ಹೊತ್ತಿಕೊಳ್ಳಬಹುದಾಗಿದ್ದ ಸಮಸ್ಯೆ 1954ರ ಆರಂಭಕ್ಕೆ ಕರಗಿತು. ಹತ್ತು ವರ್ಷದ ನಂತರ ತಿಮ್ಮಯ್ಯ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿ ಇನ್ನೊಂದು ವಿರಾಮವನ್ನು ಕಾಯುತ್ತಿದ್ದರು; 1965ರ ಡಿಸೆಂಬರ್‌ನಲ್ಲಿ ಅಲ್ಲಿಯೇ ತೀರಿಕೊಂಡರು.

ನಕ್ಷೆ ಇದ್ದ ಕಡೆ, ಇಲ್ಲದ ಕಡೆ

ಭಾರತ–ಪಾಕಿಸ್ತಾನದ ಮೊದಲ ಕದನ ವಿರಾಮ 1949ರ ಜನವರಿ 1ರದ್ದು. ಗೆರೆಯನ್ನು ಬರೆದದ್ದು ಅದೇ ವರ್ಷ ಜುಲೈ 27ರ ಕರಾಚಿ ಒಪ್ಪಂದ. ಆ ಗೆರೆ ಎನ್‌ಜೆ 9842 ಎಂಬ ಬಿಂದುವಿನಲ್ಲಿ ನಿಂತು, ‘ಅಲ್ಲಿಂದ ಉತ್ತರಕ್ಕೆ ಹಿಮನದಿಗಳತ್ತ’ ಎಂದು ಕೈಬಿಟ್ಟಿತು. ಅಲ್ಲಿ ಯಾರು ಹೋಗಿ ಕಾದಾಡುತ್ತಾರೆ ಎಂಬ ಧೈರ್ಯ. 1984ರ ಏಪ್ರಿಲ್ 13ರಿಂದ ಎರಡೂ ಸೇನೆಗಳು ಸಿಯಾಚಿನ್ ಭಾಗದಲ್ಲಿವೆ.

ಇದಕ್ಕೆ ಎದುರು ನಿಲ್ಲುವುದು 1972. ಜುಲೈ 2ರ ಶಿಮ್ಲಾ ಒಪ್ಪಂದ ಗೆರೆಗೆ ನಿಯಂತ್ರಣ ರೇಖೆ ಎಂದು ಹೆಸರಿಟ್ಟು, ಯಾರೂ ಏಕಪಕ್ಷೀಯವಾಗಿ ಬದಲಿಸಬಾರದು ಎಂದಿತು. ಡಿಸೆಂಬರ್‌ನಲ್ಲಿ ಎರಡೂ ಸೇನೆಯ ಹಿರಿಯ ಅಧಿಕಾರಿಗಳು ಕೂತು ಆ ರೇಖೆಯನ್ನು ನಕ್ಷೆಗಳ ಮೇಲೆ ಎಳೆದು ಸಹಿ ಹಾಕಿದರು. 1999ರಲ್ಲಿ ಕಾರ್ಗಿಲ್‌ನ ಶಿಖರಗಳಲ್ಲಿ ರೇಖೆಯೇ ಅಸ್ಪಷ್ಟ ಎಂಬ ವಾದ ಬಂದಾಗ ದೆಹಲಿ ಈ ನಕ್ಷೆಗಳನ್ನು ಮುಂದಿಟ್ಟಿತು, ಜಗತ್ತು ಒಪ್ಪಿತು. ಯುದ್ಧವನ್ನು ಕಾಗದ ತಡೆಯಲಿಲ್ಲ. ಆದರೆ ಅದು ಆ ಶಿಖರಗಳ ಆಚೆಗೆ ಹಬ್ಬದಂತೆ, ಅತಿಕ್ರಮಿಸಿದವರು ಯಾರೆಂಬುದರಲ್ಲಿ ಗೊಂದಲವಾಗದಂತೆ ನೋಡಿಕೊಂಡಿತು.

ಬರೆಯದ ವಿರಾಮಕ್ಕೂ ಆಯುಷ್ಯವಿದೆ. 2003ರ ನವೆಂಬರ್ 26ರಿಂದ ಜಾರಿಗೆ ಬಂದದ್ದು ಸಹಿಯಿಲ್ಲದ ಒಪ್ಪಿಗೆ. ಕೆಲವು ವರ್ಷ ಚೆನ್ನಾಗಿ ನಡೆಯಿತು, ಬರಬರುತ್ತ ಸವೆಯಿತು. 2020ರಲ್ಲಿ ಭಾರತದ ಲೆಕ್ಕದಲ್ಲಿ ಉಲ್ಲಂಘನೆಗಳು 5,000 ದಾಟಿದವು. 2021ರ ಫೆಬ್ರುವರಿ 25ರಂದು ಇಬ್ಬರು ಡಿಜಿಎಂಒಗಳು ಜಂಟಿ ಹೇಳಿಕೆ ಕೊಟ್ಟ ಮೇಲೆ ಗುಂಡಿನ ಸದ್ದು ಹೆಚ್ಚುಕಡಿಮೆ ನಿಂತೇಹೋಯಿತು. ಅದರಲ್ಲೂ ಹೊಸ ಕಾಗದವಿರಲಿಲ್ಲ. ಇಬ್ಬರಿಗೂ ಆ ಹೊತ್ತಿಗೆ ಬೇರೆ ಕಡೆ ತಲೆನೋವಿತ್ತು, ಭಾರತಕ್ಕೆ ಲಡಾಖ್‌ನಲ್ಲಿ, ಪಾಕಿಸ್ತಾನಕ್ಕೆ ಬೊಕ್ಕಸದಲ್ಲಿ. ಇಂಥ ವಿರಾಮ ಎರಡೂ ಕಡೆಯ ಅನುಕೂಲ ಇರುವಷ್ಟು ಕಾಲ ಬಾಳುತ್ತದೆ.

2025ರ ಮೇ 10ರದ್ದೂ ಈ ಜಾತಿಯದೇ, ಇನ್ನಷ್ಟು ತೆಳು. ಪ್ರಕಟವಾದ ದಾಖಲೆ ಇಲ್ಲ. ವಿಶ್ವಸಂಸ್ಥೆಯ ವೀಕ್ಷಕರು 1949ರಿಂದ ಅಲ್ಲಿದ್ದಾರೆ, ಆದರೆ ಶಿಮ್ಲಾದ ನಂತರ ಅವರ ಪಾತ್ರ ಮುಗಿಯಿತು ಎಂಬುದು ಭಾರತದ ನಿಲುವು. ಶಿಮ್ಲಾ ಒಪ್ಪಂದವನ್ನೇ ಅಮಾನತಿನಲ್ಲಿಡುವ ಹಕ್ಕು ತನಗಿದೆ ಎಂದು ಪಾಕಿಸ್ತಾನ 2025ರ ಏಪ್ರಿಲ್ 24ರಂದು ಹೇಳಿದೆ. ಅದರರ್ಥ, 1972ರ ನಕ್ಷೆಗಳ ಬುಡಕ್ಕೂ ಕೈ ಹೋಗಬಹುದು. 1965 ಮತ್ತು 1971ರ ಯುದ್ಧಗಳನ್ನೂ ದಾಟಿ ಬಂದ 1960ರ ಸಿಂಧೂ ಜಲ ಒಪ್ಪಂದವನ್ನು ಭಾರತ ಏಪ್ರಿಲ್ 23ಕ್ಕೆ ಅಮಾನತಿನಲ್ಲಿಟ್ಟಿದೆ.

ಇಲ್ಲಿಯೇ ಹೇಗ್‌ನ 41ನೇ ವಿಧಿ ಬರುತ್ತದೆ. ಉಗ್ರರು ಖಾಸಗಿ ವ್ಯಕ್ತಿಗಳೋ ಸರ್ಕಾರದ ಕೈಯೋ? ಖಾಸಗಿಯಾದರೆ ಶಿಕ್ಷೆ ಕೇಳಬಹುದು, ಯುದ್ಧ ಮಾಡುವಂತಿಲ್ಲ. ಉಗ್ರರನ್ನೂ ಅವರನ್ನು ಪೋಷಿಸುವ ಸರ್ಕಾರವನ್ನೂ ಇನ್ನು ಬೇರೆ ಬೇರೆಯಾಗಿ ನೋಡುವುದಿಲ್ಲ ಎಂದು ಮೇ 12ರ ಭಾಷಣದಲ್ಲಿ ಪ್ರಧಾನಿ ಘೋಷಿಸಿದ್ದು ಈ ವಿಂಗಡಣೆಯನ್ನೇ ತಳ್ಳಿಹಾಕಿದಂತೆ. ಅದಕ್ಕೆ ಕಾರಣಗಳು ಗಟ್ಟಿಯಾಗಿಯೇ ಇವೆ. ಆದರೆ ಪರಿಣಾಮವನ್ನು ನೇರವಾಗಿ ನೋಡಬೇಕು: ವಿರಾಮ ಉಳಿಯುವುದೋ ಮುರಿಯುವುದೋ ಎಂಬ ಕೀಲಿ ಭಾಗಶಃ ಮೂರನೆಯವರ ಕೈಗೆ ಹೋಗುತ್ತದೆ. 2025ರ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆ ಬಳಿ ಕಾರು ಸ್ಫೋಟಗೊಂಡಾಗ ಅದನ್ನು ಭಯೋತ್ಪಾದಕ ಕೃತ್ಯ ಎಂದು ಕರೆದ ಸಂಪುಟ, ‘ರಾಷ್ಟ್ರವಿರೋಧಿ ಶಕ್ತಿಗಳು’ ಎಂಬಲ್ಲಿಗೆ ನಿಲ್ಲಿಸಿತು. ಗಡಿ ದಾಟಿ ದಾಳಿ ಆಗಲಿಲ್ಲ. ಕೀಲಿ ತಾನಾಗಿ ತಿರುಗುವುದಿಲ್ಲ, ತಿರುಗಿಸಲು ಇನ್ನೂ ರಾಜಕೀಯ ತೀರ್ಮಾನ ಬೇಕು ಎಂಬುದಕ್ಕೆ ಅದು ಪುರಾವೆ.

ಆದ್ದರಿಂದ ‘ಎರಡು ಯುದ್ಧಗಳ ನಡುವಿನ ಕಾಲ’ ಎಂಬುದನ್ನು ಈಗಲೇ ಬಳಸುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ. ಅದು ಬಜೆಟ್ ಕೇಳುವ ಸೇನೆಗಳಿಗೆ ಅನುಕೂಲ, ಮಾತುಕತೆ ಬೇಡ ಎನ್ನುವವರಿಗೆ ಇನ್ನೂ ಅನುಕೂಲ. ಮುಂದಿನದು ಬಂದೇ ಬರುತ್ತದೆ ಎಂದಾದ ಮೇಲೆ ನಕ್ಷೆ ಎಳೆಯಲು ಕೂರುವವರು ಯಾರು? ‘ಬರಹವಿಲ್ಲದ ಕದನ ವಿರಾಮ’ ಎಂದರೆ ಸಾಕು, ನಿಖರವೂ ಆಗುತ್ತದೆ. ಅದರ ಆರೋಗ್ಯ ತಿಳಿಯಲು ಭಾಷಣಗಳಿಗಿಂತ ಮೂರು ಸಣ್ಣ ಸಂಗತಿಗಳು ಹೆಚ್ಚು ಉಪಯುಕ್ತ. ಎರಡೂ ಸೇನಾ ಮುಖ್ಯ ಕಚೇರಿಗಳ ನಡುವಿನ ಹಾಟ್‌ಲೈನ್ ಎಂದಿನಂತೆ ನಡೆಯುತ್ತಿದೆಯೇ. ಸಿಂಧೂ ನದಿಗಳ ಪ್ರವಾಹದ ಮಾಹಿತಿ ಯಾವ ದಾರಿಯಲ್ಲಾದರೂ ಆಚೆಗೆ ತಲುಪುತ್ತಿದೆಯೇ. ಇನ್ನು ಮೂರನೆಯದು, 2025ರ ಏಪ್ರಿಲ್ ಕೊನೆಯಲ್ಲಿ ಎರಡೂ ದೇಶಗಳು ಪರಸ್ಪರರ ವಿಮಾನಗಳಿಗೆ ಮುಚ್ಚಿದ ವಾಯುಮಾರ್ಗ. ಅದರ ಆದೇಶವನ್ನು ಗುಂಡು ನಿಂತ ಮೇಲೂ ಆ ವರ್ಷವಿಡೀ ತಿಂಗಳಿಗೊಮ್ಮೆ ವಿಸ್ತರಿಸುತ್ತಲೇ ಬಂದರು. ನೋಟಾಮ್ ಎಂದು ಕರೆಯುವ ಆ ವಿಮಾನಯಾನ ಸೂಚನೆಗಳು ಯಾರು ಬೇಕಾದರೂ ನೋಡಬಹುದಾದ ಬಹಿರಂಗ ದಾಖಲೆ. ಒಂದು ತಿಂಗಳು ವಿಸ್ತರಣೆ ಬಾರದೇ ಹೋದರೆ, ಯಾವ ಜಂಟಿ ಹೇಳಿಕೆಗೂ ಮುಂಚೆ ಸುದ್ದಿ ಅಲ್ಲಿ ಸಿಗುತ್ತದೆ.